ಮರಳ ಮೇಲೆ ತಿದ್ದಿದ ಅಕ್ಷರ

ಬೋಧನೆಯಲ್ಲಿ ನಿಮ್ಮ ತತ್ತ್ವವೇನು ಎಂದು ಕೇಳಿದರೆ ನನ್ನಂತಹ ಸಾಮಾನ್ಯ ಅಧ್ಯಾಪಕನಿಗೆ ಮೊದಲು ಉಂಟಾಗುವುದು ಸಂಕೋಚ. ತತ್ತ್ವವೆನ್ನುವುದು ತೂಕದ ಮಾತು. ಅದನ್ನು ಆಡಲು ರವೀಂದ್ರರಂಥವರೋ ಗಾಂಧೀಜಿಯಂಥವರೋ ಬೇಕು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ನಡುವೆ ಬಸ್ಸು ಹತ್ತಿ ಇಳಿಯುತ್ತ, ಹಾಜರಿ ಕರೆಯುತ್ತ, ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತ ಆಯುಷ್ಯದ ಬಹುಭಾಗವನ್ನು ಕಳೆದ ಕನ್ನಡ ಮೇಷ್ಟರಿಗೆ ಅದು ಒಗ್ಗುವಂಥದಲ್ಲ. ಆದರೂ ಇಷ್ಟು ಕಾಲ ಒಂದೇ ಕೆಲಸವನ್ನು ಮಾಡಿದವನ ಕೈಗೆ ಒಂದು ರೂಢಿ ಅಂಟಿಕೊಂಡಿರುತ್ತದೆ. ನನ್ನ ರೂಢಿ ಯಾವ ಗ್ರಂಥದಿಂದಲೂ ಬಂದುದಲ್ಲ. ಬಹುಮಟ್ಟಿಗೆ ನಾನು ಮಾಡಿದ ತಪ್ಪುಗಳಿಂದ ಬಂದದ್ದು. ಆದುದರಿಂದ ಈ ಮಾತುಗಳಲ್ಲಿ ಕೊಂಚ ತಪ್ಪೊಪ್ಪಿಗೆಯೂ ಬೆರೆತಿದ್ದರೆ ಶ್ರೋತೃಗಳು ಸಹಿಸಬೇಕು.

ಮೊದಲಿಗೆ ಇನ್ನೂರು ವರ್ಷಗಳ ಹಿಂದಿನ ಒಂದು ಕಾಗದದ ವಿಚಾರ. 1822ರ ಜೂನ್ ತಿಂಗಳಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ, ತನ್ನ ಆಧಿಪತ್ಯದ ಪ್ರತಿಯೊಂದು ಜಿಲ್ಲೆಯಲ್ಲಿಯೂ ಎಷ್ಟು ಶಾಲೆಗಳಿವೆ, ಎಷ್ಟು ಮಂದಿ ಓದುತ್ತಾರೆ, ಏನನ್ನು ಓದುತ್ತಾರೆ ಎಂಬುದರ ಲೆಕ್ಕವನ್ನು ಕೇಳಿದ. ಈ ಮನ್ರೋ ನಮಗೆ ಹೊಸಬನಲ್ಲ. 1800ರಿಂದ 1807ರವರೆಗೆ ದತ್ತಮಂಡಲಗಳ ಕಲೆಕ್ಟರನಾಗಿ ಈ ನೆಲವನ್ನೆಲ್ಲ ಸುತ್ತಿದವನು. ಅವನ ಪ್ರಶ್ನೆಗೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಒಂದು ವರದಿಯನ್ನು ಬರೆದು ಕಳಿಸಿದ. ಕ್ಯಾಂಬೆಲ್ ಅಂಕಿಗಳನ್ನು ಮಾತ್ರ ತುಂಬಿ ಕೈತೊಳೆದುಕೊಳ್ಳುವ ಅಧಿಕಾರಿಯಲ್ಲ. 1816ರಲ್ಲಿಯೇ ತೆಲುಗು ವ್ಯಾಕರಣವನ್ನು ಬರೆದು ಪ್ರಕಟಿಸಿದ್ದ ವಿದ್ವಾಂಸ. ಮದರಾಸಿಗೆ ಬಂದ ಉತ್ತರಗಳಲ್ಲೆಲ್ಲ ಅವನ ಉತ್ತರವೇ ಹೆಚ್ಚು ವಿವರವಾದದ್ದೆಂದು ಇಂದಿಗೂ ಪ್ರಸಿದ್ಧಿ. ಧರಮ್‌ಪಾಲರು 1983ರಲ್ಲಿ ಈ ಕಾಗದಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ನಮ್ಮಂಥವರ ಕಣ್ಣಿಗೂ ಅದು ಬಿತ್ತು.

ಆಗಿನ ಬಳ್ಳಾರಿ ಜಿಲ್ಲೆ ಬಹಳ ವಿಸ್ತಾರವಾದದ್ದು. ಅನಂತಪುರ ಅದರಿಂದ ಬೇರೆಯಾದದ್ದು 1882ರಲ್ಲಿ. ಅಷ್ಟು ದೊಡ್ಡ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ಸಂಸ್ಕೃತದವು 23, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಓದುವವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಬರಿಯ 60. ಸರಕಾರದ ಬೆಂಬಲ ಒಂದು ಶಾಲೆಗೂ ಇಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದು ಕಲೆಕ್ಟರನೇ ಬರೆದುಕೊಂಡಿದ್ದಾನೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳಲ್ಲ. ಆ ಶಾಲೆಯ ಒಳಗಿನ ಚಿತ್ರ. ಮಗು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತದೆ. ಆಮೇಲೆ ಇದ್ದಲಿನ ಪುಡಿ ಬಳಿದ ಹಲಗೆ, ಗಂಜಿ ಹಾಕಿ ಗಟ್ಟಿಮಾಡಿದ ಬಟ್ಟೆಯ ಕಡತ, ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸತು. ಮುಂದೆ ಹೋದ ಹುಡುಗರು ಹಿಂದೆ ಇರುವವರಿಗೆ ಕಲಿಸುತ್ತಾರೆ, ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುತ್ತಾರೆ. ಇದು ಮೆಚ್ಚತಕ್ಕ ಪದ್ಧತಿ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಕ್ಯಾಂಬೆಲ್ ಹೇಳುತ್ತಾನೆ. ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥ ಬಾಲಕರ ಶಾಲೆಯಲ್ಲಿ ಪ್ರಯೋಗಿಸಿ, 1797ರಲ್ಲಿ ಪುಸ್ತಕವಾಗಿ ಪ್ರಕಟಿಸಿ, ಆ ದೇಶದಲ್ಲೆಲ್ಲ ಹರಡಿದ ಪದ್ಧತಿಗೂ ಮೂಲ ಇಂಥದೇ ಮರಳು.

ಇನ್ನೊಂದು ವಿವರವುಂಟು. ಬೆಳಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಕ್ಕಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ; ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಹೀಗೆ ಬಂದ ಬಂದವರಿಗೆ ಒಂದೊಂದು ಹೆಚ್ಚು. ಓದಿದಾಗ ಮೊದಲು ನಗು ಬಂತು. ಆಮೇಲೆ ನಗು ಹೋಯಿತು. ಎಲ್ಲರಿಗಿಂತ ಹೆಚ್ಚು ಏಟು ತಿಂದವನು ಯಾರಿರಬಹುದು? ಶಾಲೆಯ ಪಕ್ಕದ ಮನೆಯವನಂತೂ ಅಲ್ಲ. ಊರ ಹೊರಗಿನವನು, ದನಕ್ಕೆ ಹುಲ್ಲು ಹಾಕಿ ಬರಬೇಕಾದವನು, ಹಳ್ಳ ದಾಟಿ ಬರಬೇಕಾದವನು. ದೂರಕ್ಕೆ ತಕ್ಕಂತೆ ಏಟು.

ಈ ಲೆಕ್ಕವನ್ನು ನಾನೂ ಮಾಡಿದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಶಿಸ್ತಿನ ಹೆಮ್ಮೆ ಬಹಳ. ಗಂಟೆ ಬಾರಿಸಿ ಐದು ನಿಮಿಷವಾಯಿತೆಂದರೆ ತರಗತಿಯ ಬಾಗಿಲು ಹಾಕಿಸಿಬಿಡುತ್ತಿದ್ದೆ. ಒಳಗಿದ್ದವರು ಗಂಭೀರವಾಗಿ ಕುಳಿತಿರುತ್ತಿದ್ದರು. ನನ್ನ ಪಾಠ ಚೆನ್ನಾಗಿದೆ, ಅದಕ್ಕೇ ಈ ಮೌನ ಎಂದು ನಾನು ತಿಳಿದಿದ್ದೆ. ಆ ವರ್ಷ ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಆ ಊರಿಗೆ ಬೆಳಗ್ಗೆ ಒಂದೇ ಬಸ್ಸು. ಅದು ಸಿರುಗುಪ್ಪ ಸೇರುವ ಹೊತ್ತಿಗೆ ನನ್ನ ಮೊದಲ ಅವಧಿ ಅರ್ಧವಾಗಿರುತ್ತಿತ್ತು. ವಾರದಲ್ಲಿ ಮೂರು ದಿನ ನನ್ನದೇ ಮೊದಲ ಅವಧಿ. ಮೊದಮೊದಲು ಬಾಗಿಲ ಹೊರಗೆ ನಿಂತು, “ಸಾರ್, ಬಸ್ಸು ಲೇಟಾತ್ರಿ” ಎನ್ನುತ್ತಿದ್ದಳು. “ನಾಳೆ ಬೇಗ ಬಾ” ಎಂದು ನಾನು ಹೇಳುತ್ತಿದ್ದೆ, ಬಸ್ಸನ್ನು ಅವಳೇ ಓಡಿಸುತ್ತಿದ್ದಳೋ ಎಂಬಂತೆ. ಕೆಲವು ದಿನಗಳ ಮೇಲೆ ಅವಳು ಹೇಳುವುದನ್ನೂ ಬಿಟ್ಟಳು. ಗ್ರಂಥಾಲಯದ ಕಟ್ಟೆಯ ಮೇಲೆ ಕುಳಿತು ಎರಡನೆಯ ಗಂಟೆಗೆ ಕಾಯುತ್ತಿದ್ದಳು. ವರ್ಷದ ಕೊನೆಗೆ ಹಾಜರಿ ಕೊರತೆಯ ಪಟ್ಟಿ ಸಿದ್ಧವಾಯಿತು. ಶೇಕಡ 75 ಇರಬೇಕೆಂಬುದು ನಿಯಮ. ಅವಳ ಹೆಸರಿನ ಎದುರಿಗೆ ನಾನು ರುಜು ಹಾಕಿದೆ. ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಪರೀಕ್ಷೆಗೆ ಪ್ರವೇಶಪತ್ರ ಬರಲಿಲ್ಲ. ಆ ಬೇಸಗೆಯಲ್ಲಿಯೇ ಅವಳ ಮದುವೆಯಾಯಿತೆಂದು ಅವಳ ಊರಿನ ಇನ್ನೊಬ್ಬ ವಿದ್ಯಾರ್ಥಿ ಹೇಳಿದ.

ಆಗ ನನಗೆ ಏನೂ ಅನ್ನಿಸಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಅನ್ನಿಸಿದ್ದು ನಾಲ್ಕಾರು ವರ್ಷಗಳ ಮೇಲೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಕ್ಯಾಂಬೆಲನ ವರದಿಯಲ್ಲಿ ಶಾಲೆಗಳು ಏಕೆ ಕ್ಷೀಣಿಸುತ್ತಿವೆ ಎಂಬುದಕ್ಕೂ ಉತ್ತರವಿದೆ. ದೇಶ ಬಡವಾಗಿದೆ. ಯೂರೋಪಿನ ಬಟ್ಟೆ ಬಂದು ನೇಯುವವರ ಕಸುಬು ಕುಗ್ಗಿದೆ. ಮಕ್ಕಳ ಎಳೆಯ ಕೈಕಾಲುಗಳಿಗೆ ಸ್ವಲ್ಪ ಬಲ ಬಂದರೆ ಸಾಕು, ತಂದೆತಾಯಿಗಳಿಗೆ ಅವರ ದುಡಿಮೆ ಬೇಕಾಗುತ್ತದೆ. ಒಬ್ಬ ಕಲೆಕ್ಟರ್ ತನ್ನ ಸರಕಾರಕ್ಕೇ ಇದನ್ನು ಬರೆದದ್ದು ಸಣ್ಣ ಮಾತಲ್ಲ. ಈ ಕಾರಣ ಇಂದಿಗೂ ಪೂರ್ತಿ ಹಳೆಯದಾಗಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಕಾಲುವೆಯ ನೀರು ಬಂದು ಸಿರುಗುಪ್ಪ ಭತ್ತದ ಸೀಮೆಯಾಯಿತು. ಕುರುಗೋಡಿನ ಸುತ್ತ ಮೆಣಸಿನಕಾಯಿ, ಹತ್ತಿ. ನಾಟಿಯ ಕಾಲಕ್ಕೆ ನನ್ನ ತರಗತಿಯ ಹಿಂದಿನ ಬೆಂಚುಗಳು ಖಾಲಿ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಮುಂದಿನ ಬೆಂಚುಗಳೂ ಖಾಲಿ. ಬಳ್ಳಾರಿಯಲ್ಲಾದರೆ ಜೀನ್ಸ್ ಬಟ್ಟೆ ಹೊಲಿಯುವ ಕೋಣೆಗಳಲ್ಲಿ ರಾತ್ರಿಯ ಪಾಳಿ ಮುಗಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಬರುವ ಹುಡುಗರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಕೊಂಡು ಹೋದಾಗ, ಮರುದಿನಗಳಲ್ಲಿ ವಿದ್ಯಾರ್ಥಿಗಳ ಬಾಯಲ್ಲಿ ಅದೊಂದೇ ಮಾತು. ರಾಘವಾಂಕನನ್ನು ಪಕ್ಕಕ್ಕಿಟ್ಟು ನಾವೂ ಅದನ್ನೇ ಮಾತಾಡಿದೆವು. ನೀರು ಹೋದರೆ ಎರಡನೆಯ ಬೆಳೆ ಹೋಗುತ್ತದೆ. ಬೆಳೆ ಹೋದರೆ ಮುಂದಿನ ವರ್ಷದ ಶುಲ್ಕ ಹೋಗುತ್ತದೆ. ಇಷ್ಟನ್ನು ಅರಿಯದ ಅಧ್ಯಾಪಕ ಛಂದಸ್ಸನ್ನು ಎಷ್ಟು ಬಲ್ಲವನಾದರೇನು?

ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಇದನ್ನು ಒಪ್ಪುವುದಿಲ್ಲ. “ನೀವು ಹೀಗೆ ಕರಗಿದರೆ ಹುಡುಗರು ಕೆಡುತ್ತಾರೆ. ನಿಯಮವೆಂಬುದು ಬಡವನಿಗೂ ರಕ್ಷಣೆ” ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹಾಜರಿಯ ಭಯವಿಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸುವುದೇ ಇಲ್ಲ. “ಹೋಗದಿದ್ದರೆ ಪರೀಕ್ಷೆಗೆ ಬಿಡೋದಿಲ್ಲ” ಎಂಬ ಒಂದು ಮಾತು ಅವರಿಗೆ ತಂದೆಯ ಎದುರಿನಲ್ಲಿ ಆಸರೆ. ಆದುದರಿಂದ ನಿಯಮವನ್ನು ಎತ್ತಿಹಾಕಬೇಕೆಂದು ನಾನು ಹೇಳಲಾರೆ. ರುಜು ಹಾಕುವ ಮೊದಲು ಕಾರಣವನ್ನು ಕೇಳುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಮಾಡಲಿಲ್ಲ.

ಇನ್ನು ಗಿಳಿಪಾಠದ ವಿಚಾರ. ಆ ಶಾಲೆಗಳ ಹುಡುಗರು ಪದ್ಯಗಳನ್ನು ರಾಶಿರಾಶಿಯಾಗಿ ಬಾಯಲ್ಲಿ ಹೇಳುತ್ತಾರೆ, ಆದರೆ ಅವುಗಳ ಅರ್ಥ ಮಾತು ಕಲಿತ ಗಿಳಿಗೆ ಎಷ್ಟು ಗೊತ್ತೋ ಅಷ್ಟೇ ಎಂದು ಕ್ಯಾಂಬೆಲ್ ದೂರುತ್ತಾನೆ. ಕಾವ್ಯದ ಭಾಷೆ ಬೇರೆ, ಆಡುವ ಭಾಷೆ ಬೇರೆ. ಗುರುವಿಗೂ ಅರ್ಥ ತಿಳಿಯದು ಎಂಬ ಭಾವ. ನಾನು ಕಾಲೇಜಿಗೆ ಬಂದಾಗ ನನ್ನ ಅಭಿಪ್ರಾಯವೂ ಇದೇ ಆಗಿತ್ತು. ಬಾಯಿಪಾಠವೆಂದರೆ ಮೂಢತನ, ಅರ್ಥವಿವರಣೆಯೇ ವಿದ್ಯೆ. ಹಾಗೆಂದು ನಾನು ಮಾಡುತ್ತಿದ್ದುದೇನು? ವಿವರಣೆಯನ್ನು ಟಿಪ್ಪಣಿಯಾಗಿ ಬರೆಯಿಸುತ್ತಿದ್ದೆ. ಅವರು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ನನ್ನ ವಾಕ್ಯಗಳೇ ನೂರಾರು ಕೈಬರಹಗಳಲ್ಲಿ ನನಗೆ ಮರಳಿ ಬರುತ್ತಿದ್ದುವು, ನನ್ನ ತಪ್ಪುಗಳ ಸಮೇತ. ಒಂದು ವರ್ಷ ಹರಿಹರನ ಬಗೆಗೆ ಅವಸರದಲ್ಲಿ ಒಂದು ತಪ್ಪು ಮಾತನ್ನು ಬರೆಯಿಸಿಬಿಟ್ಟಿದ್ದೆ. ಅರುವತ್ತು ಉತ್ತರಪತ್ರಿಕೆಗಳಲ್ಲಿ ಅದನ್ನೇ ಓದಿದೆ. ಗಿಳಿಯ ಸಾಕಣೆ ನನ್ನದೇ ಎಂದು ಅಂದು ತಿಳಿಯಿತು. ಪದ್ಯವನ್ನು ಬಾಯಿಪಾಠ ಮಾಡಿದ ಗಿಳಿಗೆ ಕಡೆಯ ಪಕ್ಷ ಲಯವಾದರೂ ದಕ್ಕುತ್ತದೆ. ನನ್ನ ಗದ್ಯದಿಂದ ಅವರಿಗೆ ದಕ್ಕಿದ್ದೇನು?

ಇದಕ್ಕೆ ಮದ್ದು ಸಿಕ್ಕಿದ್ದು ಕುರುಗೋಡಿನ ಸೀಮೆಯಲ್ಲಿ. ಕುರುಗೋಡೆಂದರೆ ಹೊರಗಿನವರಿಗೆ ನೆನಪಾಗುವುದು ಅಲ್ಲಿನ ದೊಡ್ಡಬಸವೇಶ್ವರ. ಗರ್ಭಗುಡಿಯನ್ನೇ ತುಂಬಿ ಕುಳಿತ ಏಕಶಿಲೆಯ ನಂದಿ. ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಊರು, ಸುತ್ತ ಬಂಡೆಗಳ ಬೆಟ್ಟ. ಅಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬರೆಯಲು ಕೊಟ್ಟರೆ ಅರ್ಧ ಪುಟ ತುಂಬುವಷ್ಟರಲ್ಲಿ ಬೆವರುತ್ತಿದ್ದ. ಪ್ರಶ್ನೆ ಕೇಳಿದರೆ ನೆಲ ನೋಡುತ್ತಿದ್ದ. ಇವನು ಮಂದನೆಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಟ್ಟಿದ್ದೆ. ಒಂದು ದಿನ ಬಂದು, “ಸಾರ್, ನಮ್ಮೂರಾಗ ಬಯಲಾಟ ಐತ್ರಿ, ನೀವು ಬರಬೇಕ್ರಿ” ಎಂದ. “ನಿನ್ನ ಪಾತ್ರ ಏನಪ್ಪಾ?” ಎಂದರೆ, “ದುರ್ಯೋಧನ್ರಿ” ಎಂದು ಮತ್ತೆ ನೆಲ ನೋಡಿದ.

ಹೋದೆ. ರಾತ್ರಿ ಹತ್ತಕ್ಕೆ ಮೊದಲಾದದ್ದು ಬೆಳಗು ಹರಿಯುವವರೆಗೆ ನಡೆಯಿತು. ಕಿರೀಟ, ಭುಜಕೀರ್ತಿ, ಎದೆಕಟ್ಟು ತೊಟ್ಟು ಆ ಹುಡುಗ ರಂಗಕ್ಕೆ ಬಂದು ನೆಲಕ್ಕೆ ಕಾಲನ್ನು ಅಪ್ಪಳಿಸಿದಾಗ ನಾನು ಕುಳಿತಲ್ಲಿಯೇ ನೆಟ್ಟಗಾದೆ. ಗಂಟೆಗಟ್ಟಲೆ ಪದ, ಅದರ ಬೆನ್ನಿಗೆ ಮಾತು, ಒಂದು ಅಕ್ಷರವೂ ತಡವರಿಸಲಿಲ್ಲ. ನನ್ನ ತರಗತಿಯಲ್ಲಿ ಯಾವ ಪದಗಳನ್ನು ಓದಲಾರದೆ ನಿಲ್ಲುತ್ತಿದ್ದನೋ ಅಂಥವೇ ಪದಗಳು ಅವನ ಕಂಠದಿಂದ ನಗಾರಿಯಂತೆ ಹೊರಡುತ್ತಿದ್ದುವು. ಮಾರನೆಯ ವಾರ ಕೋಣೆಗೆ ಕರೆದು ಒಂದು ಪದದ ಅರ್ಥವನ್ನು ಕೇಳಿದೆ. ಹಳೆಯ ಹುಡುಗನೇ ಆಗಿಬಿಟ್ಟ; ನೆಲ ನೋಡಿದ. “ಹೇಳುವುದು ಬೇಡ, ಮಾಡಿ ತೋರಿಸು” ಎಂದೆ. ಎದ್ದು ನಿಂತ. ಬಲಗೈ ಎದೆಗೆ ಬಂತು, ಕತ್ತು ಒಂದು ಕಡೆ ವಾಲಿತು, ಕಣ್ಣು ಕಿರಿದಾಯಿತು. ಅವಮಾನ, ಅದನ್ನು ಮುಚ್ಚುವ ಗರ್ವ, ಗರ್ವದ ಕೆಳಗಿನ ಭಯ ಎಲ್ಲವೂ ಅಲ್ಲಿದ್ದುವು. ಅರ್ಥ ಅವನಿಗೆ ಗೊತ್ತಿತ್ತು. ಬರೆಯುವ ಕೈಯಲ್ಲಿ ಇರಲಿಲ್ಲ, ಅಷ್ಟೆ.

ಆಮೇಲೆ ಅವರ ತಾಲೀಮನ್ನೂ ಹೋಗಿ ನೋಡಿದೆ. ಆಟ ಕಲಿಸುವ ಮಾಸ್ತರರು ಹೊಲಗೆಲಸದ ಮನುಷ್ಯರು. ಕೈಯಲ್ಲಿ ಹರಿದ ಹಸ್ತಪ್ರತಿ. ಓದುಬಾರದ ನಟನಿಗೆ ಒಂದೊಂದೇ ಸಾಲನ್ನು ಹೇಳಿಕೊಡುತ್ತಿದ್ದರು. ತಪ್ಪಿದರೆ ನಡುವೆ ನಿಲ್ಲಿಸುತ್ತಿರಲಿಲ್ಲ. ಪದ ಪೂರ್ತಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ತಾವೇ ಹೇಳುತ್ತಿದ್ದರು. ಹಳೆಯ ವೇಷಗಾರರು ಹೊಸಬರನ್ನು ಮೂಲೆಗೆ ಕರೆದುಕೊಂಡು ಹೋಗಿ ಹೆಜ್ಜೆ ತಿದ್ದುತ್ತಿದ್ದರು. ಕ್ಯಾಂಬೆಲ್ ಮೆಚ್ಚಿದ ಪದ್ಧತಿ ಅಲ್ಲಿ, ಒಂದು ಬಲ್ಬಿನ ಬೆಳಕಿನಲ್ಲಿ, ಹಾಗೆಯೇ ಉಳಿದಿತ್ತು. ಅವನು ಹಳಿದ ಬಾಯಿಪಾಠವೂ ಅಲ್ಲಿಯೇ ಇತ್ತು. ಎರಡನ್ನೂ ಬೇರೆ ಮಾಡಿ, ಒಂದು ಒಳ್ಳೆಯದು ಒಂದು ಕೆಟ್ಟದ್ದು ಎನ್ನುವುದು ನನ್ನಿಂದಾಗಲಿಲ್ಲ. ಕಂಠಕ್ಕೆ ಬಂದದ್ದು ಮೈಗೆ ಇಳಿಯುವವರೆಗೆ ಕಾಯುವ ತಾಳ್ಮೆ ಅವರಿಗಿತ್ತು. ಕ್ಯಾಂಬೆಲನಿಗಿರಲಿಲ್ಲ, ನನಗೂ ಇರಲಿಲ್ಲ.

ಅಂದಿನಿಂದ ಟಿಪ್ಪಣಿ ಬರೆಯಿಸುವುದನ್ನು ನಿಲ್ಲಿಸಿದೆ. ಮೊದಲ ಎರಡು ವರ್ಷ ಇದರಿಂದ ಫಲಿತಾಂಶ ಇಳಿಯಿತು, ಅದನ್ನು ಮರೆಮಾಚಲಾರೆ. ಈಗ ಪದ್ಯವನ್ನು ಮೊದಲು ಗಟ್ಟಿಯಾಗಿ ಓದುತ್ತೇನೆ. ಬಳ್ಳಾರಿಯ ನೆರೆಯ ಜೋಳದರಾಶಿ ದೊಡ್ಡನಗೌಡರು ಕಾವ್ಯವನ್ನು ಗಮಕದಿಂದ ಊರೂರಿಗೆ ತಲುಪಿಸಿದ ನಾಡು ಇದು. ನನಗೆ ಆ ಕಂಠವಿಲ್ಲ, ಆದರೂ ಓದುತ್ತೇನೆ. ಆಮೇಲೆ ಅವರು ಓದುತ್ತಾರೆ. ಮೂರು ಬಾರಿ ಓದುವವರೆಗೆ ಅರ್ಥದ ಮಾತಿಲ್ಲ. ಆಮೇಲೆ ಇಬ್ಬಿಬ್ಬರಾಗಿ ಕುಳಿತು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಗದ್ದಲವಾಗುತ್ತದೆ. ಪಕ್ಕದ ತರಗತಿಯ ಇತಿಹಾಸದ ಮೇಷ್ಟರು ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾರೆ.

ಗಡಿನಾಡಿನ ಅಧ್ಯಾಪಕನಿಗೆ ಇನ್ನೊಂದು ಪರೀಕ್ಷೆಯಿದೆ. ಕ್ಯಾಂಬೆಲನ ಪಟ್ಟಿಯಲ್ಲಿ ಕನ್ನಡ 235, ತೆಲುಗು 226 ಎಂದಿತಲ್ಲ. ಈ ಸಂಖ್ಯೆಗಳ ಸಾಮೀಪ್ಯ ಇಂದಿಗೂ ನಮ್ಮ ಬೀದಿಗಳಲ್ಲಿ ಕೇಳಿಸುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಗೆರೆಯನ್ನು ಭೂಪಟದ ಮೇಲೆ ಎಳೆಯಬಹುದು, ಅಡುಗೆಮನೆಯಲ್ಲಿ ಎಳೆಯಲಾಗದು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಮನೆಯಲ್ಲಿ ತೆಲುಗು ಆಡುವವರು, ಕೆಲವರು ಉರ್ದು, ಕೆಲವರು ಲಂಬಾಣಿ. ಬೀದಿಗೆ ಬಂದರೆ ಕನ್ನಡ. ನಾನು ಮೈಸೂರಿನ ಕಡೆಯ ಪುಸ್ತಕದ ಕನ್ನಡವನ್ನು ಹೊತ್ತು ಬಂದವನು. ಒಮ್ಮೆ ಒಬ್ಬ ವಿದ್ಯಾರ್ಥಿ ಓದುವಾಗ ತೆಲುಗಿನ ಎಳೆತ ಬಂದಾಗ ನಾನು ನಕ್ಕೆ. ನಾನು ನಕ್ಕದ್ದನ್ನು ಕಂಡು ತರಗತಿಯೆಲ್ಲ ನಕ್ಕಿತು. ಆ ವರ್ಷ ಪೂರ್ತಿ ಅವನು ಮತ್ತೆ ಗಟ್ಟಿಯಾಗಿ ಓದಲಿಲ್ಲ. ಅಧ್ಯಾಪಕನ ನಗು ಎಷ್ಟು ಹರಿತವಾದದ್ದೆಂದು ಯಾವ ತರಬೇತಿಯಲ್ಲಿಯೂ ನನಗೆ ಹೇಳಿರಲಿಲ್ಲ.

ಕೆಲವು ವರ್ಷಗಳ ಮೇಲೆ ರಾಘವಾಂಕನ ಹರಿಶ್ಚಂದ್ರಕಾವ್ಯದ ಸ್ಮಶಾನ ಪ್ರಸಂಗವನ್ನು ಪಾಠ ಮಾಡುತ್ತಿದ್ದಾಗ ಇನ್ನೊಬ್ಬ ಹುಡುಗ ಮೆಲ್ಲಗೆ, “ಸಾರ್, ಇದು ನಮ್ಮ ತಾತ ಹಾಡ್ತಾರ್ರಿ” ಎಂದ. ತಾತ ಹಾಡುತ್ತಿದ್ದುದು ಬಲಿಜೇಪಲ್ಲಿ ಲಕ್ಷ್ಮೀಕಾಂತ ಕವಿಯ ತೆಲುಗು ನಾಟಕದ ಪದ್ಯಗಳು. ಬಳ್ಳಾರಿ ರಾಘವರು ಮೆರೆದ ಊರಿನಲ್ಲಿ ಇದು ಆಶ್ಚರ್ಯವಲ್ಲ. ಹಿಂದಿನ ನಾನಾಗಿದ್ದರೆ, “ಇದು ಕನ್ನಡದ ತರಗತಿ” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈ ಬಾರಿ ಹಾಡಿಸಿದೆ. ಹುಡುಗನ ರಾಗ ಎಳೆದು ಎಳೆದು ಏರುತ್ತ ಹೋದ ಹಾಗೆ ಹಿಂದಿನ ಬೆಂಚಿನವರು ಮುಂದಕ್ಕೆ ಬಂದು ಕುಳಿತರು. ಆಮೇಲೆ ರಾಘವಾಂಕನ ಷಟ್ಪದಿಯನ್ನು ಓದಿದೆವು. ಅಲ್ಲಿನ ದುಃಖ ಹೇಗೆ ನಿಲ್ಲುತ್ತದೆ, ಇಲ್ಲಿನ ದುಃಖ ಹೇಗೆ ಓಡುತ್ತದೆ ಎಂಬುದನ್ನು ಅವರೇ ಹೇಳಿದರು. ಷಟ್ಪದಿಯ ನಡೆಯನ್ನು ನಾನು ಅದಕ್ಕಿಂತ ಚೆನ್ನಾಗಿ ಎಂದೂ ಪಾಠ ಮಾಡಿಲ್ಲ, ಅಂದು ನಾನು ಮಾಡಿದ್ದು ಏನೂ ಇರಲಿಲ್ಲ.

ಅದೇ ಕಾವ್ಯದ ಪಾಠದಲ್ಲಿ ಒಬ್ಬಳು ಕೇಳಿದ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಕಥೆ ಎಲ್ಲರಿಗೂ ತಿಳಿದದ್ದೇ. ಇಂದ್ರನ ಸಭೆಯಲ್ಲಿ ಹರಿಶ್ಚಂದ್ರನ ಸತ್ಯವನ್ನು ವಸಿಷ್ಠ ಹೊಗಳುತ್ತಾನೆ, ವಿಶ್ವಾಮಿತ್ರ ಅಲ್ಲಗಳೆಯುತ್ತಾನೆ, ಮಾತಿಗೆ ಮಾತು ಬೆಳೆದು ಪಣವಾಗುತ್ತದೆ. ಶಿಷ್ಯನಿಗಾಗಿ ತನ್ನ ಮಾನವನ್ನೇ ಒಡ್ಡಿದ ಗುರು ಎಂದು ವಸಿಷ್ಠನನ್ನು ನಾನು ಕೊಂಡಾಡುತ್ತಿದ್ದೆ. ಆ ಹುಡುಗಿ ಎದ್ದು ನಿಂತು, “ಪಣ ಕಟ್ಟೋದಕ್ಕೆ ಮುಂಚೆ ಹರಿಶ್ಚಂದ್ರನ್ನ ಒಂದು ಮಾತು ಕೇಳಿದ್ರಾ ಸಾರ್?” ಎಂದಳು. ಕೇಳಿರಲಿಲ್ಲ. “ಹಂಗಾದ್ರೆ ಪಣ ಇಬ್ಬರು ಗುರುಗಳದು, ಹೆಂಡತೀನ ಮಗನ್ನ ಮಾರಿದ್ದು ಅವನು” ಎಂದು ಕುಳಿತಳು.

ಆ ಹೊತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ. “ಗೊತ್ತಿಲ್ಲ, ಯೋಚನೆ ಮಾಡಿ ಹೇಳುತ್ತೇನೆ” ಎಂದೆ. ಇನ್ನೂ ಯೋಚನೆಯಲ್ಲಿದ್ದೇನೆ. ಏಕೆಂದರೆ ಅದು ಪುರಾಣದ ಪ್ರಶ್ನೆ ಮಾತ್ರವಲ್ಲ. ನಮ್ಮ ವಿಷಯದಲ್ಲಿ ನೂರಕ್ಕೆ ನೂರು ಫಲಿತಾಂಶ ಎಂದು ನಾವು ಅಧ್ಯಾಪಕರು ಒಬ್ಬರ ಎದುರಿಗೊಬ್ಬರು ಹೇಳಿಕೊಳ್ಳುತ್ತೇವಲ್ಲ, ಅದೂ ಒಂದು ಇಂದ್ರಸಭೆ. ಆ ನೂರನ್ನು ಉಳಿಸಿಕೊಳ್ಳಲು ನಪಾಸಾಗಬಹುದಾದವನನ್ನು ಮೊದಲೇ ಕೊರತೆಯ ಪಟ್ಟಿಗೆ ಹಾಕಿ ಹೊರಗಿಟ್ಟ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ಪಣ ನಮ್ಮದು, ಮಾರಾಟವಾಗುವುದು ಅವರದು. ಆ ಪ್ರಶ್ನೆ ಕೇಳಿದವಳಿಗೆ ಪರೀಕ್ಷೆಯಲ್ಲಿ ಬಂದ ಅಂಕ ಸಾಧಾರಣ. ಅಂಥ ಪ್ರಶ್ನೆಗೆ ಅಂಕ ಕೊಡುವ ಜಾಗ ಉತ್ತರಪತ್ರಿಕೆಯಲ್ಲಿಲ್ಲ.

ಗುರುಶಿಷ್ಯರ ಮಾತು ಬಂದಾಗ ಸಿರುಗುಪ್ಪ ತಾಲೂಕಿನವರು ಒಂದು ವಿಷಯದಲ್ಲಿ ಹೆಮ್ಮೆಪಡಬಹುದು. 1970ರ ದಶಕದ ಕೊನೆಯಲ್ಲಿ ಅಲ್ಲಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳು ದೊರೆತುವು. ಅವುಗಳಲ್ಲಿ ಅಶೋಕನ ಹೆಸರೇ ಇದೆ. ಬ್ರಹ್ಮಗಿರಿಯಲ್ಲಿಯೂ ಇರುವ ಈ ಬಗೆಯ ಶಾಸನಗಳಲ್ಲಿ ತಾಯಿತಂದೆಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ಆಡಬೇಕು ಎಂಬ ವಿಧಿಗಳ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತೂ ಬರುತ್ತದೆ. ಒಮ್ಮೆ ವಿದ್ಯಾರ್ಥಿಗಳನ್ನು ನಿಟ್ಟೂರಿಗೆ ಕರೆದುಕೊಂಡು ಹೋಗಿದ್ದೆ. ಬಿಸಿಲಿಗೆ ಬಂಡೆ ಕಾದಿತ್ತು. ನಾನು ಗೌರವದ ಆ ವಾಕ್ಯವನ್ನು ವಿವರಿಸುತ್ತಿದ್ದಂತೆ ಹಿಂದಿನಿಂದ ಯಾರೋ ಪಿಸುಗುಟ್ಟಿದರು: “ಅವಾಗೂ ಹೇಳಿ ಕೊಡಿಸ್ಕೋಬೇಕಾಗಿತ್ತೇನೋ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಬಂಡೆಯ ಮೇಲೆ ಕೆತ್ತಿಸಿದ ಗೌರವಕ್ಕಿಂತ ಆ ಪಿಸುಮಾತು ನನಗೆ ಹೆಚ್ಚು ಸಂತೋಷ ಕೊಟ್ಟಿತು. ಮೊದಲಿನ ವರ್ಷಗಳಲ್ಲಿ ನನ್ನ ಮುಂದೆ ಯಾರೂ ಪಿಸುಗುಟ್ಟುತ್ತಲೂ ಇರಲಿಲ್ಲ.

ಈಗ ಆ ಹುಡುಗಿಯ ಮಾತು. ಸಿರುಗುಪ್ಪದಿಂದ ಬಳ್ಳಾರಿಗೆ ಬರುವಾಗ ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಿತ್ತು. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ಒಬ್ಬಾಕೆ ಕಿಟಕಿಯ ಬಳಿಗೆ ಬಂದು, “ಸಾರ್, ಚೆನ್ನಾಗಿದೀರೇನ್ರಿ? ಗುರ್ತು ಸಿಕ್ತಾ?” ಎಂದಳು. ನನಗೆ ಗುರುತು ಸಿಗಲಿಲ್ಲ. ಹೆಸರು ಹೇಳಿದಳು. ಆಗ ಗ್ರಂಥಾಲಯದ ಕಟ್ಟೆ ನೆನಪಾಯಿತು. ಅವಳ ಮಾತಿನಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಕೂಸಿಗೆ, “ನೋಡು, ನಮ್ಮ ಸಾರು” ಎಂದು ನನ್ನನ್ನು ತೋರಿಸಿದಳು. ಆಮೇಲೆ ಒಂದೇ ಒಂದು ಪ್ರಶ್ನೆ: “ಈಗ ಹೊರಗಿನಿಂದ ಕಟ್ಟಿ ಡಿಗ್ರಿ ಮುಗಿಸಬಹುದೇನ್ರಿ ಸಾರ್?” ನನಗೆ ನಿಯಮ ಸರಿಯಾಗಿ ಗೊತ್ತಿರಲಿಲ್ಲ. “ವಿಚಾರಿಸಿ ಹೇಳುತ್ತೇನಮ್ಮ” ಎನ್ನುವಷ್ಟರಲ್ಲಿ ಬಸ್ಸು ಹೊರಟಿತು.

ವಿಚಾರಿಸಿದೆ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಓದು ಮುಂದುವರಿಸಲು ದಾರಿಯಿತ್ತು. ಅರ್ಜಿಯನ್ನೂ ತರಿಸಿದೆ. ಆದರೆ ಅವಳನ್ನು ಕೊಟ್ಟ ಊರು ಯಾವುದೆಂದು ಕೇಳಿಯೇ ಇರಲಿಲ್ಲ. ಅವಳ ತವರಿನ ಕಡೆಯ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿ ಹೇಳಿ ಕಳಿಸಿದೆ. ಮಾತು ತಲುಪಿತೋ ಇಲ್ಲವೋ ತಿಳಿಯದು. ಅರ್ಜಿ ಬರಲಿಲ್ಲ.

1823ರಲ್ಲಿ ಇಡೀ ಜಿಲ್ಲೆಗೆ 60 ಹೆಣ್ಣುಮಕ್ಕಳು. ಇಂದು ನನ್ನ ಒಂದು ತರಗತಿಯಲ್ಲಿಯೇ ಹೆಚ್ಚುಕಡಿಮೆ ಅಷ್ಟು ಮಂದಿ ಇದ್ದಾರೆ. ವರ್ಷದ ಮೊದಲ ದಿನ ಹಾಜರಿ ಪುಸ್ತಕ ತೆರೆದಾಗ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲಿ ಊರು, ಬಸ್ಸು ಹೊರಡುವ ವೇಳೆ, ಮನೆಯಲ್ಲಿ ಆಡುವ ಭಾಷೆ, ಮೂರನ್ನೂ ಸೀಸದ ಕಡ್ಡಿಯಲ್ಲಿ ಬರೆದುಕೊಳ್ಳುತ್ತೇನೆ. ಮೊದಲ ಅವಧಿಯ ಹಾಜರಿಯನ್ನು ಕೊನೆಯ ಹತ್ತು ನಿಮಿಷದಲ್ಲಿ ಕರೆಯುತ್ತೇನೆ. ತಡವಾಗಿ ಬಂದವರಿಗೆ ಅಲ್ಲಿಯವರೆಗಿನ ಪಾಠವನ್ನು ಪಕ್ಕದಲ್ಲಿ ಕುಳಿತವರೇ ಹೇಳಬೇಕು. ಮೂಲೆಯಲ್ಲಿ ಎರಡು ನಿಮಿಷ ಗುಸುಗುಸು ನಡೆಯುತ್ತದೆ. ನಾನು ಪುಸ್ತಕ ಮುಚ್ಚಿ ಅದು ಮುಗಿಯುವವರೆಗೆ ಕಾಯುತ್ತೇನೆ. ಬಸ್ಸುಗಳು ಈಗಲೂ ತಡವಾಗಿಯೇ ಬರುತ್ತವೆ. ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ.